ನಿಮ್ಮ ಕಾಲೇಜಿನ ಪ್ರೊಫೆಸರ್ ನಿಜವಾಗ್ಲೂ ಯಾವುದ್ರ ಮೇಲೆ ರಿಸರ್ಚ್ ಮಾಡ್ತಿದಾರೆ ಅಂತ ಕಂಡುಹಿಡಿಯೋದು ಹೇಗೆ

ಎಂಬಿಬಿಎಸ್ ಸೆಕೆಂಡ್ ಇಯರ್‌ನಲ್ಲಿ ಐಸಿಎಂಆರ್ ಎಸ್‌ಟಿಎಸ್‌ಗೆ, ಅಂದ್ರೆ ಮೆಡಿಕಲ್ ಸ್ಟೂಡೆಂಟ್‌ಗಳು ಒಬ್ಬ ಗೈಡ್ ಕೆಳಗೆ ಚಿಕ್ಕ ರಿಸರ್ಚ್ ಮಾಡೋ ಸರ್ಕಾರಿ ಸ್ಕೀಮ್‌ಗೆ, ಅಪ್ಲೈ ಮಾಡ್ಬೇಕು ಅಂತ ಗೈಡ್ ಹುಡ್ಕೋಕೆ ಹೊರಟಾಗ ನಾನು ಮಾಡಿದ ಮೊದಲ ಕೆಲ್ಸ ಕಾಲೇಜ್ ವೆಬ್‌ಸೈಟ್ ತೆಗೆದು ಒಬ್ಬೊಬ್ರ ಹೆಸರಿನ ಕೆಳಗೆ ರಿಸರ್ಚ್ ಇಂಟ್ರೆಸ್ಟ್ ಅಂತ ಏನಿದೆ ನೋಡಿದ್ದು. ಒಬ್ರು ಸರ್ ಹೆಸರಿನ ಕೆಳಗೆ ಡಯಾಬಿಟಿಸ್ ಅಂತಿತ್ತು, ನಾನೂ ಹೋಗಿ ಸರ್ ನಂಗೂ ಡಯಾಬಿಟಿಸ್‌ನಲ್ಲಿ ಇಂಟ್ರೆಸ್ಟ್ ಅಂದೆ, ಅವ್ರು ಪಾಪ ತುಂಬ ಸಮಾಧಾನವಾಗಿ "ಅದು ನನ್ನ ಪಿಜಿ ಥೀಸಿಸ್ ಕಣಮ್ಮ, ಆಮೇಲೆ ಮುಟ್ಟೇ ಇಲ್ಲ" ಅಂದ್ರು. ಎರಡು ವಾರ ಕೂತು ಬರ್ದಿದ್ದ ಐಡಿಯಾ ಅಲ್ಲಿಗೇ ಮುಗೀತು. ಎಸ್‌ಟಿಎಸ್ 1979ರಿಂದ ಇದೆ, ಕೆಲ್ಸಕ್ಕೆ ಸಿಗೋದು ಬರೀ 2 ತಿಂಗಳು, ಹಾಗಾಗಿ ತಪ್ಪು ಗೈಡ್ ಹಿಂದೆ ಹೋಗಿ ಟೈಮ್ ಕಳೆದ್ರೆ ಆ ವರ್ಷ ಹೋದಂಗೇ. ನಿಮಗೆ ಹಂಗಾಗ್ಬಾರ್ದು ಅಂತ ಇದನ್ನ ಬರೀತಿದೀನಿ.

ಮೊದ್ಲು ಪಬ್‌ಮೆಡ್, ಅಂದ್ರೆ ಮೆಡಿಕಲ್ ಪೇಪರ್‌ಗಳನ್ನ ಫ್ರೀಯಾಗಿ ಹುಡುಕೋ ವೆಬ್‌ಸೈಟ್. ಸರ್ಚ್ ಬಾಕ್ಸ್ ಕೆಳಗೆ ಅಡ್ವಾನ್ಸ್ಡ್ ಅಂತ ಇರತ್ತೆ, ಅದ್ರೊಳಗೆ ಆಥರ್ ಅಂತ ಆರಿಸಿ ಹೆಸರು ಹಾಕಿ, ಅಫಿಲಿಯೇಷನ್ ಅಂತ ಆರಿಸಿ ಕಾಲೇಜ್ ಹೆಸರು ಹಾಕಿ, ಎರಡನ್ನೂ ಸೇರಿಸಿ ಹುಡುಕಿ. ಇಲ್ಲೇ ನಮ್ಮವರಿಗೆ ದೊಡ್ಡ ತೊಂದ್ರೆ ಬರೋದು, ಯಾಕಂದ್ರೆ ಪಬ್‌ಮೆಡ್‌ಗೆ ಮೊದ್ಲು ಸರ್‌ನೇಮ್ ಬೇಕು ಆಮೇಲೆ ಇನಿಷಿಯಲ್ಲು, ನಮ್ಮ ಕಡೆ ಎಷ್ಟೋ ಜನಕ್ಕೆ ಸರ್‌ನೇಮೇ ಇಲ್ಲ, ಊರಿನ ಹೆಸರು ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ಕೂತಿರತ್ತೆ. ಬಿ. ಎಸ್. ಮಂಜುನಾಥ ಅನ್ನೋರು ಒಂದು ಪೇಪರ್‌ನಲ್ಲಿ ಮಂಜುನಾಥ ಬಿಎಸ್ ಆಗಿರ್ತಾರೆ, ಇನ್ನೊಂದ್ರಲ್ಲಿ ಫಾರ್ಮ್ ತುಂಬ್ದೋರು ಅಪ್ಪನ ಹೆಸರನ್ನೇ ಸರ್‌ನೇಮ್ ಜಾಗಕ್ಕೆ ಹಾಕಿ ಬಸವರಾಜ ಎಂ ಆಗ್ಬಿಟ್ಟಿರ್ತಾರೆ. ಹಂಗಾಗಿ ಒಂದೇ ಸಲ ಹುಡುಕಿ ಇವ್ರದ್ದು ಏನೂ ಇಲ್ಲ ಅಂತ ಬಿಟ್ಬಿಡ್ಬೇಡಿ, ಹೆಸರು ತಿರುವಿ ಮುರುವಿ ಹಾಕಿ ನೋಡಿ. ಆರ್ಕಿಡ್ ನಂಬರ್ ಇದ್ರೆ, ಅಂದ್ರೆ ಒಬ್ಬೊಬ್ಬ ರಿಸರ್ಚರ್‌ಗೂ ಪ್ರತ್ಯೇಕವಾಗಿರೋ ಆ 16 ಅಂಕಿಯ ನಂಬರ್, ಈ ಗೋಳು ಅರ್ಧ ತಪ್ಪತ್ತೆ.

ಲಿಸ್ಟ್ ಸಿಕ್ಕಿದ ಮೇಲೆ ಎಷ್ಟು ಪೇಪರ್ ಇದೆ ಅಂತ ಎಣಿಸೋಕೆ ಹೋಗ್ಬೇಡಿ. ಪ್ರಮೋಷನ್‌ಗೆ ಪಬ್ಲಿಕೇಷನ್ ಬೇಕೇ ಬೇಕು ಅಂತ ರೂಲ್ ಇರೋದ್ರಿಂದ ಅದಕ್ಕೇ ಬಂದಿರೋ ಪೇಪರ್‌ಗಳು ಎಲ್ಲರ ಲಿಸ್ಟಲ್ಲೂ ಒಂದೆರಡು ಇರ್ತವೆ, ಅದು ತಪ್ಪೂ ಅಲ್ಲ. ಹಳೇದರಿಂದ ಹೊಸದಕ್ಕೆ ಓದ್ಕೊಂಡ್ ಬನ್ನಿ, ಯಾವ ಪ್ರಶ್ನೆ ಮತ್ತೆ ಮತ್ತೆ ವಾಪಸ್ ಬರ್ತಿದೆ ಅದನ್ನ ಹುಡುಕಿ. ಅದೇ ಅವ್ರ ನಿಜವಾದ ಇಂಟ್ರೆಸ್ಟ್.

ಬೆಳಗಾವಿಯ ಜೆಎನ್‌ಎಂಸಿ ಮೆಡಿಕಲ್ ಕಾಲೇಜಿನ ಕೆಲ್ಸ ತಗೊಳ್ಳಿ, ಇದನ್ನ ಓದಿದಾಗ್ಲೇ ನಂಗೆ ಈ ವಿಷ್ಯ ಅರ್ಥ ಆಗಿದ್ದು. 2006ರಲ್ಲಿ ಲ್ಯಾನ್ಸೆಟ್ ಅನ್ನೋ ಹೆಸರಾಂತ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಟ್ರಯಲ್ ಬಂತು, ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರು, ಹೆರಿಗೆ ಆದ ತಕ್ಷಣ ಎಎನ್‌ಎಂ ಸಿಸ್ಟರ್‌ಗಳು ಅರ್ಧ ಜನಕ್ಕೆ ಮಿಸೊಪ್ರೊಸ್ಟಾಲ್ ಮಾತ್ರೆ, ಇನ್ನರ್ಧಕ್ಕೆ ಔಷಧಿ ಇಲ್ಲದ ಡಮ್ಮಿ ಮಾತ್ರೆ ಕೊಟ್ರು, ಹೆರಿಗೆ ನಂತರದ ಅತಿ ರಕ್ತಸ್ರಾವ ಡಮ್ಮಿ ತಗೊಂಡೋರಲ್ಲಿ 12 ಪರ್ಸೆಂಟ್ ಇದ್ರೆ ಔಷಧಿ ತಗೊಂಡೋರಲ್ಲಿ 6.4 ಮಾತ್ರ. ಇದೇ ರಕ್ತಸ್ರಾವ ತಡೆಯೋಕೆ ಸಾಮಾನ್ಯವಾಗಿ ಕೊಡೋ ಆಕ್ಸಿಟೋಸಿನ್‌ಗೆ ಇಂಜೆಕ್ಷನ್ ಬೇಕು, ತಂಪಲ್ಲಿಡ್ಬೇಕು, ಮಾತ್ರೆಗೆ ಅದ್ಯಾವ್ದೂ ಬೇಡ, ಹಳ್ಳಿಗೆ ಇದಕ್ಕಿಂತ ಒಳ್ಳೇ ಪ್ರಶ್ನೆ ಇನ್ಯಾವ್ದಿದೆ ಹೇಳಿ. ಆ ಪೇಪರ್‌ನ ಆಥರ್‌ಗಳಲ್ಲಿದ್ದ ಅದೇ ಕಾಲೇಜಿನ ಗೌಡರ್, ಕೊಡ್ಕಣಿ ಅನ್ನೋ ಹೆಸರುಗಳು 2020ರ ಲ್ಯಾನ್ಸೆಟ್‌ನಲ್ಲಿ ಮತ್ತೆ ಕಾಣ್ತವೆ, ಈ ಸಲ ಚೊಚ್ಚಲ ಬಸುರಿಯರಿಗೆ ಕಡಿಮೆ ಡೋಸ್ ಆಸ್ಪಿರಿನ್ ಕೊಟ್ರೆ ದಿನ ತುಂಬದ ಹೆರಿಗೆ ತಡೀಬಹುದಾ ಅನ್ನೋ ಪ್ರಶ್ನೆ, 6 ದೇಶಗಳಲ್ಲಿ ನಡೆದ ಟ್ರಯಲ್. ಆಮೇಲೆ ಬಸುರಿಯರ ರಕ್ತಹೀನತೆಗೆ ಮಾತ್ರೆ ಬದ್ಲು ನರಕ್ಕೆ ಕಬ್ಬಿಣಾಂಶ ಕೊಡೋ ರ‍್ಯಾಪಿಡ್‌ಐರನ್ ಟ್ರಯಲ್. ಔಷಧಿ ಬೇರೆ ಬೇರೆ, ಆದ್ರೆ ಹಳ್ಳೀಲಿ ಹೆರೋ ತಾಯಿ ಮಗು ಉಳೀಬೇಕು ಅನ್ನೋ ಎಳೆ ಒಂದೇ. ಇನ್ನೊಂದು ನೋಡಿ, ಈ ಡಾ. ಶಿವಪ್ರಸಾದ ಗೌಡರ್ ಫಿಸಿಯಾಲಜಿ ಪ್ರೊಫೆಸರ್! ಡಿಪಾರ್ಟ್‌ಮೆಂಟ್ ಬೋರ್ಡ್ ನೋಡಿ ಓಬಿಜಿಗೆ, ಅಂದ್ರೆ ಹೆರಿಗೆ ವಿಭಾಗಕ್ಕೆ, ಮಾತ್ರ ಹೋಗಿದ್ರೆ ಇವ್ರು ನಿಮ್ಮ ಕಣ್ಣಿಗೇ ಬೀಳ್ತಿರ್ಲಿಲ್ಲ.

ಕೆಲವು ಸಲ ಇಂಟ್ರೆಸ್ಟ್ ಹುಟ್ಟೋದೇ ರೆಕಾರ್ಡ್ ರೂಮಲ್ಲಿ. ಮೈಸೂರು ಮಿಷನ್ ಆಸ್ಪತ್ರೆಯಲ್ಲಿ, ಅದೇ ಹೋಲ್ಡ್ಸ್‌ವರ್ತ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ ಬರ್ದಿಟ್ಟಿದ್ರು, ಆ ಲೆಡ್ಜರ್ ಇದ್ದಿದ್ರಿಂದ್ಲೇ ಹುಟ್ಟಿದಾಗ ತೂಕ ಕಡಿಮೆ ಇದ್ದೋರಿಗೆ ದೊಡ್ಡವರಾದ್ಮೇಲೆ ಹೃದಯದ ಕಾಯಿಲೆ ಜಾಸ್ತಿನಾ ಅಂತ ಕೇಳೋಕಾಯ್ತು, ಹೌದು ಅನ್ನೋ ಉತ್ತರ 1996ರಲ್ಲಿ ಬಂತು. ನಿಮ್ಮ ಡಿಪಾರ್ಟ್‌ಮೆಂಟಲ್ಲೂ ಯಾವ ರಿಜಿಸ್ಟರ್ ವರ್ಷಗಟ್ಲೆ ನೀಟಾಗಿ ಇಟ್ಟಿದಾರೆ, ಯಾವ ಮೆಷಿನ್ ದಿನಾ ಓಡ್ತಿದೆ ಅಂತ ಪಿಜಿಗಳನ್ನ ಕೇಳಿ.

ಪೇಪರ್ ಅಂದ್ರೆ ಮುಗಿದ ಕೆಲ್ಸ. ಈಗ ಏನ್ ನಡೀತಿದೆ ಅಂತ ಗೊತ್ತಾಗ್ಬೇಕಂದ್ರೆ ಸಿಟಿಆರ್‌ಐ ನೋಡ್ಬೇಕು, 2007ರಲ್ಲಿ ಶುರುವಾದ ನಮ್ಮ ದೇಶದ ಟ್ರಯಲ್ ರಿಜಿಸ್ಟ್ರಿ, ಯಾರು ಬೇಕಾದ್ರೂ ಫ್ರೀಯಾಗಿ ನೋಡ್ಬಹುದು. ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್ ಯಾರು, ದುಡ್ಡು ಯಾರದ್ದು, ಎಷ್ಟು ಪೇಷೆಂಟ್ ಬೇಕು, ಪಿಜಿ ಥೀಸಿಸ್ ಹೌದಾ ಅಲ್ವಾ, ಎಲ್ಲಾ ಅಲ್ಲೇ ಇರತ್ತೆ. ನನ್ನ ಪ್ರಕಾರ ಕಾಲೇಜ್ ವೆಬ್‌ಸೈಟ್‌ಗಿಂತ ಇದು ನೂರು ಪಾಲು ವಾಸಿ. ರಾಜೀವ್ ಗಾಂಧಿ ಆರೋಗ್ಯ ವಿವಿ (ಆರ್‌ಜಿಯುಎಚ್‌ಎಸ್) ಕೆಳಗಿನ ಕಾಲೇಜಾದ್ರೆ ಹಳೇ ಥೀಸಿಸ್ ಸಿನಾಪ್ಸಿಸ್‌ಗಳು, ಅಂದ್ರೆ ಥೀಸಿಸ್ ಶುರು ಮಾಡೋ ಮುಂಚೆ ಕೊಡೋ ಪ್ಲಾನ್‌ಗಳು, ಪಿಡಿಎಫ್ ಆಗಿ ನೆಟ್ಟಲ್ಲೇ ಸಿಗ್ತವೆ, ಗೈಡ್ ಹೆಸರು ಹಾಕಿ ಹುಡುಕಿದ್ರೆ ಅವ್ರು ತಮ್ಮ ಪಿಜಿಗಳಿಗೆ ಎಂಥ ಟಾಪಿಕ್ ಕೊಡ್ತಾರೆ ಅಂತ ಗೊತ್ತಾಗತ್ತೆ.

ಆಮೇಲೆ ಆಥರ್‌ಗಳ ಸಾಲು. ಮೊದಲ ಹೆಸರು ಸಾಮಾನ್ಯವಾಗಿ ಕೈಯಾರೆ ಕೆಲ್ಸ ಮಾಡಿದೋರದ್ದು, ಕೊನೇದು ಆ ಕೆಲ್ಸ ಮುನ್ನಡೆಸಿದ ಸೀನಿಯರ್‌ದು. ಮೊದಲ ಹೆಸರು ಸ್ಟೂಡೆಂಟ್‌ದಾಗಿದ್ದು ಕೊನೇಲಿ ನಿಮ್ಮ ಮೇಡಂ ಇದ್ರೆ ಅದು ಬಹಳ ಒಳ್ಳೇ ಸೂಚನೆ, ಅಂದ್ರೆ ಅವ್ರು ಮಕ್ಕಳಿಗೆ ಹೆಸರು ಕೊಡ್ತಾರೆ. ಇದನ್ನ ಮಾತ್ರ ತಪ್ಪದೆ ನೋಡಿ.

ಈಗ ಹೋಗಿ ಭೇಟಿ ಮಾಡಿ. ಓಪಿಡಿ ಟೈಮಲ್ಲಿ ಬೇಡ, ಮಧ್ಯಾಹ್ನ ಥಿಯರಿ ಕ್ಲಾಸ್ ಮುಗಿದ್ಮೇಲೆ ಡಿಪಾರ್ಟ್‌ಮೆಂಟಲ್ಲಿ ಸಿಗ್ತಾರೆ. "ಮೇಡಂ, ನಿಮ್ಮ ಅನೀಮಿಯಾ ಪೇಪರ್ ಓದ್ದೆ, ಅದ್ರಲ್ಲಿ ಮಾತ್ರೆ ಮಧ್ಯದಲ್ಲೇ ಬಿಟ್ಟೋರು ಯಾಕೆ ಬಿಟ್ರು ಅಂತ ಬರ್ದಿಲ್ಲ, 2 ತಿಂಗಳಲ್ಲಿ ಅದನ್ನ ಕೇಳಿ ನೋಡ್ಬಹುದಾ?" ಅಂತ ಒಂದೇ ಪ್ರಶ್ನೆ ಕೇಳಿ. ಎರಡನೇ ಸಲ ನಾನು ಹೋಗಿದ್ದು ಹಿಂಗೇ, ಬೇರೆ ಡಿಪಾರ್ಟ್‌ಮೆಂಟಿನ ಮೇಡಂ ಹತ್ರ. ಅವ್ರು ಕುರ್ಚಿ ತೋರ್ಸಿ ಕೂತ್ಕೋ ಅಂದ್ರು, ಡ್ರಾಯರ್‌ನಿಂದ ಹಳೇ ಡೇಟಾ ಶೀಟ್ ತೆಗೆದ್ರು, ಎಥಿಕ್ಸ್ ಕಮಿಟಿ ಫಾರ್ಮ್ ಯಾವತ್ತು ಕೊಡ್ಬೇಕು ಅಂತ ಅವತ್ತೇ ಕ್ಯಾಲೆಂಡರಲ್ಲಿ ಗುರುತು ಹಾಕಿದ್ರು.