ಬಿಳಿಜೋಳದ ಕಾಳೇ ಭೂಮಿಯಾದರೆ ಸೂರ್ಯ ಎಷ್ಟು ದೂರ?

ಪುಸ್ತಕದ ಒಂದೇ ಪುಟದಲ್ಲಿ ಸೂರ್ಯ, ಎಂಟು ಗ್ರಹ ಸಾಲಾಗಿ ನಿಂತ ಚಿತ್ರ ನೋಡಿದ ಮಕ್ಕಳಿಗೆ ಅವುಗಳ ನಡುವಿನ ದೂರ ಅಂದಾಜಿಗೇ ಬರುವುದಿಲ್ಲ. ಗಾತ್ರಕ್ಕೂ ದೂರಕ್ಕೂ ಒಂದೇ ಅಳತೆ ಹಿಡಿದು ಲೆಕ್ಕ ಮಾಡಿಸಿ, ಬರುತ್ತದೆ. ಬೇಕಾದ ಸಾಮಾನು ಕಲಬುರಗಿಯ ಯಾವ ಅಡುಗೆಮನೆಯಲ್ಲೂ ಇದೆ.

ಮೊದಲು ಹಲಗೆಯ ಮೇಲೆ ಬರೆಯಿರಿ: 3,000 ಕಿ.ಮೀ. = 1 ಮಿ.ಮೀ. ಭೂಮಿಯ ವ್ಯಾಸ 12,756 ಕಿ.ಮೀ. ಭಾಗಿಸಿದರೆ 4 ಮಿ.ಮೀ. ಚಿಲ್ಲರೆ, ಅಂದರೆ ಒಂದು ಬಿಳಿಜೋಳದ ಕಾಳು. ಇದು ತ್ರೈರಾಶಿಕ, ಅಂದರೆ ಗೊತ್ತಿರುವ ಮೂರು ಸಂಖ್ಯೆಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಲೆಕ್ಕ. ನಮ್ಮ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲೇ, ಗಣಿತಜ್ಞ ಮಹಾವೀರಾಚಾರ್ಯ ಬಿಡಿಸಿ ತೋರಿಸಿದ ಲೆಕ್ಕ ಎಂದು ಮಕ್ಕಳಿಗೆ ತಪ್ಪದೆ ಹೇಳಿ.

ಉಳಿದವನ್ನು ಅವರೇ ಭಾಗಿಸಲಿ. ಮಂಗಳ (6,792 ಕಿ.ಮೀ.) ಸಾಸಿವೆಯಾಗುತ್ತದೆ. ಯುರೇನಸ್, ನೆಪ್ಚೂನ್ ಆಡುವ ಗೋಲಿಗಳು. ಗುರು (1,42,984 ಕಿ.ಮೀ.) 4.8 ಸೆಂ.ಮೀ.ನ ದಪ್ಪ ನಿಂಬೆಹಣ್ಣು, ಶನಿ ತುಸು ಸಣ್ಣ ನಿಂಬೆಹಣ್ಣು. ಸೂರ್ಯ 46 ಸೆಂ.ಮೀ.: ಎರಡು ಅಡಿಯ ಶಹಾಬಾದ ಫರಸಿಯ ಮೇಲೆ ಹಳದಿ ಕಾಗದ ಹಾಸಿ, ದಾರಕ್ಕೆ ಪೆನ್ಸಿಲ್ ಕಟ್ಟಿ ವೃತ್ತ ಎಳೆದು ಕತ್ತರಿಸಿ.

ಇನ್ನು ಮುಂದಿನದಕ್ಕೆ ಅವಸರ ಬೇಡ. ನಿಂಬೆಹಣ್ಣು ಹೆಚ್ಚಿ, ಹೋಳಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಜೋಳ ಜೋಡಿಸಿ. ಹೆಚ್ಚುಕಡಿಮೆ 11 ಕಾಳು. “ಹಂಗಾದ್ರ ಗುರುವಿನೊಳಗ ಎಷ್ಟು ಭೂಮಿ ಹಿಡಿತಾವ?” ಎಂದು ಕೇಳಿ. 11 ಎಂಬ ಉತ್ತರ ಬಂದೇ ಬರುತ್ತದೆ. ಉದ್ದ, ಅಗಲ, ಎತ್ತರ ಮೂರೂ 11 ಪಟ್ಟು ಎಂದು ನೆನಪಿಸಿ: 11×11×11 = 1,331. ಗುರುವಿನ ನಿಜವಾದ ಘನಫಲವೂ ಭೂಮಿಯ 1,300 ಪಟ್ಟಿಗಿಂತ ಹೆಚ್ಚು. ಅಷ್ಟೂ ಕಾಳು ಎಣಿಸಿ ಗುಡ್ಡೆ ಹಾಕಿಸಿ. ನಡುವೆ ಸಂದು ಇರುವುದರಿಂದ ಗುಡ್ಡೆ ಹಣ್ಣಿಗಿಂತ ದೊಡ್ಡದು ಕಾಣುತ್ತದೆ. ಅದು ಯಾಕೆಂದು ಮಕ್ಕಳೇ ಹೇಳಬೇಕು.

ಈಗ ಬಯಲಿಗೆ ಬನ್ನಿ. ಹಳದಿ ಸೂರ್ಯನನ್ನು ಶಾಲೆಯ ಗೋಡೆಗೆ ಅಂಟಿಸಿ. ಭೂಮಿಗೆ 14.96 ಕೋಟಿ ಕಿ.ಮೀ., ನಮ್ಮ ಅಳತೆಯಲ್ಲಿ 50 ಮೀಟರ್. ಅರ್ಧ ಮೀಟರಿನ ಹೆಜ್ಜೆಯಾದರೆ ನೂರು ಹೆಜ್ಜೆ. ಬುಧ 19 ಮೀಟರ್, ಮಂಗಳ 76, ಗುರು ಸುಮಾರು 260. ನೆಪ್ಚೂನ್ ಒಂದೂವರೆ ಕಿ.ಮೀ., ಊರಾಚೆಯ ತೊಗರಿ ಹೊಲಗಳಲ್ಲಿ. ಅಲ್ಲಿಗೆ ಯಾರನ್ನೂ ಕಳಿಸುವುದು ಬೇಡ. ಅಷ್ಟು ದೂರಕ್ಕೆ ಯಾರ ಹೊಲ ಬರುತ್ತದೆಂದು ಕೇಳಿದರೆ ಸಾಕು.

ನೂರನೇ ಹೆಜ್ಜೆಯಲ್ಲಿ ಅಂಗೈಯಲ್ಲಿ ಜೋಳದ ಕಾಳು ಹಿಡಿದು ನಿಂತ ಮಗು ತಿರುಗಿ ನೋಡಲಿ. ಗೋಡೆಯ ಹಳದಿ ಬಿಲ್ಲೆ ಆಕಾಶದ ಸೂರ್ಯನಷ್ಟೇ ಅಗಲ ಕಾಣುತ್ತದೆ. ಹೋಲಿಸಲೆಂದು ಸೂರ್ಯನತ್ತ ಕಣ್ಣೆತ್ತಲು ಬಿಡಲೇಬೇಡಿ. ಹುಣ್ಣಿಮೆಯ ಚಂದ್ರನೂ ಅಷ್ಟೇ ಅಗಲ. ಕೈ ಚಾಚಿ ಕಿರುಬೆರಳು ಅಡ್ಡ ಹಿಡಿದರೆ ಬಿಲ್ಲೆಯೂ ಮರೆಯಾಗುತ್ತದೆ, ರಾತ್ರಿ ಮನೆಯಂಗಳದಲ್ಲಿ ಚಂದ್ರನೂ.