ಕಡಿಮೆ ದುಡ್ಡಿನಲ್ಲಿ ಚಾಕುವಿನ ಒರೆಗೆ ತೊಗಲು ಆರಿಸಿದ್ದು

ಒರೆ ಹೊಲಿಯಲು ಕಲಿಯುವವರು ಮೊದಲು ಉಪಕರಣಗಳಿಗೆ ದುಡ್ಡು ಸುರಿಯುತ್ತಾರೆ. ನಾನು ಆ ಕಡೆ ಹೋಗಲಿಲ್ಲ. ತೊಗಲು ಕತ್ತರಿಸೋಕೆ ಒಂದು ರಂಪಿಗೆ, ತೂತು ಹಾಕೋಕೆ ಒಂದು ಆರಿ, ಎರಡು ದಪ್ಪ ಸೂಜಿ, ಮೇಣ ಸವರಿದ ನೈಲಾನ್ ದಾರ. ಶುರು ಮಾಡೋಕೆ ಇಷ್ಟು ಸಾಕಾಯಿತು. ಉಳಿದ ದುಡ್ಡೆಲ್ಲ ತೊಗಲಿಗೆ ಇಟ್ಟೆ. ಹೊಲಿಗೆ ಸೊಟ್ಟಗಾದರೂ ಒರೆ ಕೆಲಸಕ್ಕೆ ಬರುತ್ತದೆ. ಮೆತ್ತನೆ ತೊಗಲಿನಲ್ಲಿ ಎಷ್ಟೇ ಚಂದ ಹೊಲಿದರೂ ಅದು ಚೀಲವೇ.

ನನ್ನ ಚಾಕು ಕೊಪ್ಪಳದ ಹತ್ತಿರದ ಕಮ್ಮಾರರು ಲಾರಿಯ ಹಳೆ ಕಮಾನು ಪಟ್ಟಿಯಿಂದ ಬಡಿದು ಕೊಟ್ಟದ್ದು. ಅಲಗು ನಾಲ್ಕು ಇಂಚು, ಹಿಡಿಯೂ ಸುಮಾರು ಅಷ್ಟೇ. ದಾಳಿಂಬೆ ತೋಟದಲ್ಲಿ ಹಗ್ಗ, ಡ್ರಿಪ್ ಪೈಪು, ಗೊಬ್ಬರದ ಚೀಲ ಕತ್ತರಿಸೋಕೆ ಇಟ್ಟುಕೊಂಡಿದ್ದೇನೆ. ಇಂಥ ಉಕ್ಕು ಚೆನ್ನಾಗಿ ಹರಿತ ಹಿಡಿಯುತ್ತದೆ, ಅಷ್ಟೇ ಬೇಗ ತುಕ್ಕೂ ಹಿಡಿಯುತ್ತದೆ. ಹಾಗಾಗಿ ತೊಗಲನ್ನು ಯಾವುದರಲ್ಲಿ ಹದ ಮಾಡಿದ್ದಾರೆ ಅನ್ನೋದು ಮೊದಲ ಪ್ರಶ್ನೆ.

ಹದ ಮಾಡುವುದರಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು ಕ್ರೋಮಿಯಂ ಉಪ್ಪಿನದು. ಇವತ್ತು ಪೇಟೆಯಲ್ಲಿ ಸಿಗುವ ಬ್ಯಾಗು, ಜಾಕೆಟ್ಟು, ಬೂಟಿನ ಮೇಲ್ಭಾಗದ ತೊಗಲು ಬಹುಪಾಲು ಇದೇ. ಇನ್ನೊಂದು ಹಳೆಯದು. ತಂಗಡಿ, ಕರಿಜಾಲಿಯಂಥ ಗಿಡಮರಗಳ ತೊಗಟೆ, ಅಳಲೆಕಾಯಿಯ ಒಗರಿನಲ್ಲಿ ಹದ ಮಾಡಿದ್ದು. ಮಾರುವವರು ಇದನ್ನು ವೆಜ್ ಟ್ಯಾನ್ ಅನ್ನುತ್ತಾರೆ. ಕ್ರೋಮಿನದು ಮೆತ್ತಗೆ, ಬಳುಕುತ್ತದೆ. ನೀರಿನಲ್ಲಿ ನೆನೆಸಿ ಒತ್ತಿದರೂ ಚಾಕುವಿನ ಆಕಾರ ಹಿಡಿದು ನಿಲ್ಲುವುದಿಲ್ಲ. ಅದರೊಳಗೆ ಉಳಿದ ಉಪ್ಪು ಉಕ್ಕಿಗೂ ಒಳ್ಳೆಯದಲ್ಲ. ಒರೆಗೆ ಬೇಕಾದದ್ದು ತೊಗಟೆಯಲ್ಲಿ ಹದವಾದ ತೊಗಲು.

ಆದರೆ ಅಂಗಡಿಯಲ್ಲಿ ಎರಡೂ ಕಂದು ಬಣ್ಣದಲ್ಲೇ ಇರುತ್ತವೆ. ಗುರುತು ಹಿಡಿಯೋದು ಹೇಗೆ? ಕತ್ತರಿಸಿದ ಅಂಚು ನೋಡಬೇಕು. ಕ್ರೋಮಿನದರ ಒಳಗೆ ನಡುವೆ ಬೂದು ನೀಲಿ ಬಣ್ಣ ಕಾಣಬಹುದು. ತೊಗಟೆಯದು ಒಳಗೂ ಕಂದೇ. ಸುಟ್ಟು ಬೂದಿ ನೋಡುವವರೂ ಇದ್ದಾರೆ. ನನಗೆ ಅದು ಬೇಡ ಅನ್ನಿಸುತ್ತದೆ, ಕ್ರೋಮ್ ತೊಗಲಿನ ಹೊಗೆ ಬೂದಿ ಮೈಗೆ ಒಳ್ಳೆಯದಲ್ಲ. ನನ್ನ ಪರೀಕ್ಷೆ ಬೇರೆ. ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ಕೆಲವು ದಿನ ನೆನೆಸಿಡುತ್ತೇನೆ. ಆ ನೀರಿನ ಒಂದು ಹನಿಯನ್ನು ತೊಗಲಿನ ಒಳಮೈಗೆ ಹಾಕಿದರೆ, ತೊಗಟೆಯ ಒಗರು ಇದ್ದಲ್ಲಿ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತದೆ. ಹಿಂದಿನ ಕಾಲದಲ್ಲಿ ಅಳಲೆಕಾಯಿಗೆ ಅನ್ನಭೇದಿ ಅನ್ನುವ ಕಬ್ಬಿಣದ ಉಪ್ಪು ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಇಲ್ಲಿ ನಡೆಯುವುದೂ ಅದೇ. ಎರಡೂ ಬಗೆಯ ಹದ ಬೆರೆತ ತೊಗಲೂ ಇದಕ್ಕೆ ಕಪ್ಪಾಗಬಹುದು. ಅನುಮಾನ ಬಂದರೆ ಸಣ್ಣ ಚೂರನ್ನು ಕುದಿಯುವ ನೀರಿಗೆ ಹಾಕಿ. ತೊಗಟೆಯದು ಸುರುಟಿಕೊಂಡು ಗಟ್ಟಿಯಾಗುತ್ತದೆ. ಕ್ರೋಮ್ ಹೆಚ್ಚಿದ್ದದ್ದು ಅಷ್ಟಾಗಿ ಸುರುಟುವುದಿಲ್ಲ. ಇನ್ನೊಂದು ಲಾಭ ಇದೆ. ಒರೆಗೆ ಕಪ್ಪು ಬಣ್ಣ ಬೇಕಾದಾಗ ಇದೇ ಮೊಳೆ ನೀರನ್ನು ಬ್ರಷ್‌ನಿಂದ ಬಳಿದರಾಯಿತು, ಬಣ್ಣದ ಡಬ್ಬಿ ಕೊಳ್ಳುವ ಕೆಲಸವಿಲ್ಲ.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ತೊಗಲು ಅಂದರೆ ಮೊದಲು ನೆನಪಾಗುವುದು ತೊಗಲುಗೊಂಬೆ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅದೇ ಕಲೆ. ಆ ತೊಗಲು ಒರೆಗೆ ಆಗುತ್ತದೆಯೇ ಅಂತ ಕೇಳಿದವರಿದ್ದಾರೆ. ಆಗುವುದಿಲ್ಲ. ಪರದೆ ಹಿಂದಿನ ಬೆಳಕು ದಾಟಬೇಕಾದದ್ದರಿಂದ ಅದನ್ನು ತೆಳ್ಳಗೆ ಹೆರೆದಿರುತ್ತಾರೆ.

ಒರೆಯ ತೊಗಲಿಗೆ ಸಂತೆಯಲ್ಲಿ ಎತ್ತಿನ ಕೊರಳ ಪಟ್ಟಿ, ಬಾರುಕೋಲು ಮಾರುವವರ ಹತ್ತಿರ ಕೇಳಿ ನೋಡಬೇಕು. ನಾನು ಒಯ್ದ ತುಂಡನ್ನು ಅಲ್ಲೊಬ್ಬ ಹಿರಿಯರು ಕೈಗೆ ತೆಗೆದುಕೊಂಡರು. ಹೊಳಪಿನ ಮೈ ಒಳಗಡೆ ಬರುವಂತೆ ಮಡಚಿ, "ನೋಡು ತಮ್ಮಾ, ಎಷ್ಟು ನಿರಿಗಿ ಬಿದ್ದಾವ. ಇದು ಹೊಟ್ಟಿ ಭಾಗದ್ದೈತಿ" ಅಂದರು. "ಹಂಗಾರ ಯಾವುದು ತಗೊಳ್ಳಲಿ ಕಾಕಾ?" ಅಂದೆ. "ಹೆಗಲಿಂದು ಕೇಳು. ಬೆನ್ನಿಂದು ತುಟ್ಟಿ ಆಕ್ಕೈತಿ."

ಆ ಮಾತಿನಲ್ಲೇ ಬಜೆಟ್ಟಿನ ಲೆಕ್ಕ ಎಲ್ಲ ಬಂತು. ಬೆನ್ನು ಮತ್ತು ಪಿರ್ರೆಯ ತೊಗಲು ದಟ್ಟ, ಗಟ್ಟಿ, ದುಬಾರಿ. ಹೊಟ್ಟೆಯದು ಅಗ್ಗ, ಆದರೆ ಹಿಗ್ಗುತ್ತದೆ. ಇವತ್ತು ಬಿಗಿಯಾಗಿ ಕೂತ ಚಾಕು ನಾಲ್ಕು ತಿಂಗಳಿಗೆ ಸಡಿಲ ಆಗಬಹುದು. ಹೆಗಲಿನ ಭಾಗದಲ್ಲಿ ಕೊರಳ ಸುಕ್ಕು, ಗಾಯದ ಗುರುತು ಇರುತ್ತವೆ, ಅದಕ್ಕೇ ಬೆಲೆ ಇಳಿಯುತ್ತದೆ. ಚಾಕುವಿನ ಒರೆಯಲ್ಲಿ ಆ ಗುರುತು ನೋಡೋಕೂ ಚೆನ್ನಾಗಿರುತ್ತದೆ ಅಲ್ವಾ?

ದಪ್ಪದ ವಿಷಯದಲ್ಲಿ ಗೊಂದಲ ಜಾಸ್ತಿ. ಕೆಲವರು ಔನ್ಸ್ ಲೆಕ್ಕ ಹೇಳುತ್ತಾರೆ. ಒಂದು ಔನ್ಸ್ ಅಂದರೆ ಸುಮಾರು 0.4 ಮಿಲಿಮೀಟರ್ ದಪ್ಪ. ಒರೆಗೆ 8ರಿಂದ 9 ಔನ್ಸ್, ಅಂದರೆ 3.2ರಿಂದ 3.6 ಮಿ.ಮೀ. ಬೇಕು ಅನ್ನುವುದು ಸಾಮಾನ್ಯ ಸಲಹೆ. ದೊಡ್ಡ ಚಾಕುವಿಗೆ ಸರಿ. ನಾಲ್ಕಿಂಚಿನ ಅಲಗಿಗೆ ಕಲಿಯುವವರು 2.5ರಿಂದ 3 ಮಿ.ಮೀ. ತಗೊಳ್ಳಿ ಅನ್ನುತ್ತೇನೆ. ಹೊಲಿಯುವಾಗ ಎರಡು ಪದರದ ನಡುವೆ ಇನ್ನೊಂದು ತೊಗಲಿನ ಪಟ್ಟಿ ಬರುತ್ತದೆ. ಅಲಗು ದಾರವನ್ನು ಕತ್ತರಿಸದಂತೆ ತಡೆಯುವುದು ಆ ಪಟ್ಟಿಯೇ, ಅದನ್ನು ಬಿಡುವಂತಿಲ್ಲ. 3.5 ಮಿ.ಮೀ. ತೊಗಲಾದರೆ ಮೂರು ಪದರ ಸೇರಿ 10 ಮಿ.ಮೀ. ದಾಟುತ್ತದೆ. ಹೊಸಬರ ಕೈಯಲ್ಲಿ ಆರಿ ಅಷ್ಟು ದಪ್ಪವನ್ನು ನೇರವಾಗಿ ದಾಟುವುದಿಲ್ಲ. 1.5 ಮಿ.ಮೀ. ತೊಗಲೇ ಸಿಕ್ಕರೆ ಬಿಡಬೇಡಿ. ಎರಡು ತುಂಡಿನ ಒಳಮೈಗೂ ಸಲ್ಯೂಷನ್ ಅಂಟು ಹಚ್ಚಿ ಜೋಡಿಸಿದರೆ 3 ಮಿ.ಮೀ. ಆಯಿತು.

ಚಪ್ಪಲಿಯ ಅಟ್ಟೆಗೆ ಬಳಸುವ ತೊಗಲು ಕಿಲೋ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಆಸೆಪಡಬೇಡಿ. ಅದನ್ನು ಒತ್ತಿ ಗಟ್ಟಿ ಮಾಡಿರುತ್ತಾರೆ, ಮಡಚುವಾಗ ಬಿರುಕು ಬಿಡಬಹುದು. ಹಳೆ ಬೆಲ್ಟುಗಳೂ ಅಷ್ಟೇ. ಬಹಳಷ್ಟು ರೆಗ್ಜಿನ್, ಇಲ್ಲವೇ ತೊಗಲಿನ ಪುಡಿ ಅಂಟಿಸಿ ಮಾಡಿದ್ದು.

ಎಷ್ಟು ಬೇಕು? ಹಳೆ ಕ್ಯಾಲೆಂಡರ್ ರಟ್ಟಿನಲ್ಲಿ ಮೊದಲು ಮಾದರಿ ಕತ್ತರಿಸಿಕೊಳ್ಳಿ. ಮಡಚಿ ಹೊಲಿಯುವ ನನ್ನ ಒರೆಗೆ 7 ಇಂಚು ಉದ್ದ, 5 ಇಂಚು ಅಗಲ ಹಿಡಿಯಿತು. ಸೊಂಟಪಟ್ಟಿಯ ಕುಣಿಕೆ, ನಡುವಿನ ಪಟ್ಟಿ ಸೇರಿ 46 ಚದರ ಇಂಚು. ಒಂದು ಚದರ ಅಡಿಯಲ್ಲಿ 144 ಚದರ ಇಂಚು. ಹಾಳಾಗುವುದನ್ನು ಕಳೆದರೂ ಎರಡು ಒರೆ ಆಗುತ್ತವೆ. ಇಡೀ ತೊಗಲು ಕೊಳ್ಳುವ ಅಗತ್ಯವೇ ಇಲ್ಲ. ತುಂಡು ಕೇಳಿ. ತರಿಸಿಕೊಳ್ಳುವುದಾದರೆ ದಪ್ಪ, ಹದ, ಯಾವ ಭಾಗದ್ದು ಈ ಮೂರನ್ನೂ ಬರೆದು ಕೇಳಿ. ಇದಕ್ಕೆ ಉತ್ತರ ಕೊಡದವರ ಹತ್ತಿರ ನಾನು ಕೊಳ್ಳುವುದಿಲ್ಲ.

ಹೊಲಿದ ಮೇಲೆ ಒರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಚಾಕುವಿಗೆ ಪ್ಲಾಸ್ಟಿಕ್ ಸುತ್ತಿ ಒಳಗಿಟ್ಟು ಒತ್ತಬೇಕು. ಸುತ್ತದಿದ್ದರೆ ಅಲಗು ತುಕ್ಕು ಹಿಡಿಯುತ್ತದೆ, ತೊಗಲೂ ಕಪ್ಪಾಗುತ್ತದೆ. ನಮ್ಮ ಬಿಸಿಲಿಗೆ ಇಡಬೇಡಿ, ನೆರಳಲ್ಲೇ ಒಣಗಲಿ. ಅಂಚಿಗೆ ನೀರು ಸವರಿ ಜೀನ್ಸ್ ಬಟ್ಟೆಯಿಂದ ಜೋರಾಗಿ ಉಜ್ಜಿದರೆ ಹೊಳಪು ಬರುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಕಡೆ ಚಿಂದಿಗೆ ಬರವಿಲ್ಲ. ಕೊನೆಗೆ ಜೇನುಮೇಣ ತೆಳ್ಳಗೆ ಹಚ್ಚಿ. ಎಣ್ಣೆ ಸುರಿದರೆ ಒರೆ ಮತ್ತೆ ಮೆತ್ತಗಾಗುತ್ತದೆ. ಕೆಲಸ ಮುಗಿದ ಮೇಲೆ ಚಾಕುವನ್ನು ವಾರಗಟ್ಟಲೆ ಅದರಲ್ಲೇ ಬಿಡಬೇಡಿ. ಮಳೆಗಾಲದಲ್ಲಂತೂ ಚಾಕು ಬೇರೆ, ಒರೆ ಬೇರೆ ಇಡಿ.