ಬೈಕ್‌ನಲ್ಲಿ ದೂರದ ಬೆಟ್ಟಗಳಿಗೆ: ಕಿಲೋಮೀಟರ್ ಬಿಡಿ, ಗಂಟೆ ಲೆಕ್ಕ ಹಾಕಿ

ನಕ್ಷೆಯಲ್ಲಿ 180 ಕಿಲೋಮೀಟರ್ ಅಂತ ಇರುತ್ತದೆ. ಬಯಲಿನಲ್ಲಾದರೆ ನಾಲ್ಕು ಗಂಟೆಯ ದಾರಿ. ಜನವಸತಿ ಇಲ್ಲದ ಎತ್ತರದ ಬೆಟ್ಟಗಳಲ್ಲಿ ಅದೇ 180ಕ್ಕೆ ಇಡೀ ಹಗಲು ಬೇಕು. ಮೊದಲ ಸಲ ಹೋದಾಗ ನನಗೆ ಇದು ಗೊತ್ತಿರಲಿಲ್ಲ. ಕತ್ತಲಾದ ಮೇಲೆ ಒಂದು ಹಳ್ಳದ ಎದುರು ಬಂದು ನಿಂತಿದ್ದೆ. ನೀರಿನ ಸದ್ದು ಜೋರಾಗಿತ್ತು, ಆಳ ಮಾತ್ರ ಕಾಣುತ್ತಿರಲಿಲ್ಲ. ಆ ರಾತ್ರಿ ಕಲ್ಲುಬಂಡೆಗೆ ಒರಗಿಕೊಂಡೇ ಕಳೆಯಿತು.

ಹಾಗಾಗಿ ಶುರು ಮಾಡುವುದು ಗಡಿಯಾರದಿಂದ. ಕೆಟ್ಟ ರಸ್ತೆಯಲ್ಲಿ ಗಂಟೆಗೆ 20ರಿಂದ 25 ಕಿ.ಮೀ. ಅಂತ ಹಿಡಿಯಿರಿ. ಕತ್ತಲಾಗುವುದಕ್ಕೆ ಎರಡು ಗಂಟೆ ಮೊದಲೇ ತಂಗುವ ಜಾಗ ಸೇರಬೇಕು. ಈಗ ಹಿಂದಕ್ಕೆ ಎಣಿಸಿ, ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಗೊತ್ತಾಗುತ್ತದೆ. ನಾಲ್ಕೈದು ದಿನಕ್ಕೊಂದು ದಿನ ಖಾಲಿ ಬಿಡಿ. ಭೂಕುಸಿತವೋ ಪಂಕ್ಚರೋ, ಅದನ್ನು ನುಂಗಲು ಏನಾದರೂ ಬಂದೇ ಬರುತ್ತದೆ.

ಆಮೇಲೆ ಪೆಟ್ರೋಲ್. ಮನಾಲಿ–ಲೇಹ್ ದಾರಿಯ ತಾಂಡಿ ಬಂಕ್‌ನಲ್ಲಿ ‘ಮುಂದಿನ ಬಂಕ್ 365 ಕಿ.ಮೀ.’ ಎಂಬ ಫಲಕ ಸವಾರರ ನಡುವೆ ಬಹಳ ಪ್ರಸಿದ್ಧ. ಅಲಾಸ್ಕಾದ ಡಾಲ್ಟನ್ ಹೆದ್ದಾರಿಯಲ್ಲಿ ಕೋಲ್ಡ್‌ಫುಟ್ ದಾಟಿದರೆ ಡೆಡ್‌ಹಾರ್ಸ್‌ವರೆಗೆ ಸುಮಾರು 385 ಕಿ.ಮೀ. ಬಂಕ್ ಇಲ್ಲ. ಊರಿನಲ್ಲಿ ಸಿಗುವ ಮೈಲೇಜ್ ನಂಬಿಕೊಂಡು ಇಂಥ ಕಡೆ ಹೋಗಬೇಡಿ. ಒಂದು, ಎರಡನೇ ಗೇರ್‌ನಲ್ಲೇ ಗಂಟೆಗಟ್ಟಲೆ ಹತ್ತುವಾಗ ಅದು ಸಿಗುವುದಿಲ್ಲ. ಲೆಕ್ಕಕ್ಕಿಂತ ಕಾಲು ಭಾಗ ಜಾಸ್ತಿ ಇಟ್ಟುಕೊಳ್ಳಿ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತುಂಬಿದ ಬೈಕ್ ಜಲ್ಲಿ ಮೇಲೆ ಬಿದ್ದರೆ ನೀವೊಬ್ಬರೇ ಎತ್ತಬಲ್ಲಿರಾ? ಆಗುವುದಿಲ್ಲವಾದರೆ ಬಟ್ಟೆ ಕಮ್ಮಿ ಮಾಡಿ. ಕ್ಲಚ್ ಕೇಬಲ್, ಟ್ಯೂಬ್ ಅಥವಾ ಪಂಕ್ಚರ್ ಕಿಟ್, ಗಾಳಿ ಪಂಪ್, ಚೈನ್ ಲಿಂಕ್ ಬಿಡಬೇಡಿ. ಹೊರಡುವ ಮುಂಚೆ ಮನೆಯಲ್ಲೇ ಒಂದು ಸಲ ಚಕ್ರ ಬಿಚ್ಚಿ ಹಾಕಿ ನೋಡಿ.

ಗಾಳಿ ತೆಳುವಾದಾಗ

5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ಪ್ರತಿ ಸಾವಿರ ಮೀಟರಿಗೆ ಎಂಜಿನ್ ಸುಮಾರು ಶೇ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕಾರ್ಬುರೇಟರ್ ಬೈಕ್ ಆದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿಯಾಗಿ ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಬೇರೆ. ಇಂಜೆಕ್ಷನ್ ಇದ್ದರೆ ಪೆಟ್ರೋಲನ್ನು ಅದೇ ಸರಿದೂಗಿಸಿಕೊಳ್ಳುತ್ತದೆ, ಆದರೆ ಇಲ್ಲದ ಗಾಳಿಯನ್ನು ಎಲ್ಲಿಂದ ತರುತ್ತದೆ? ತಜಿಕಿಸ್ತಾನದ ಪಾಮಿರ್ ಹೆದ್ದಾರಿಯ ಅಕ್-ಬೈತಾಲ್ ಘಾಟಿ 4,655 ಮೀಟರ್ ಎತ್ತರದಲ್ಲಿದೆ. ಅಂಥಲ್ಲಿ ಬೈಕ್ ಎಳೆಯದಿದ್ದರೆ ಕೆಟ್ಟಿದೆ ಅಂತ ಗಾಬರಿಯಾಗಿ ಸ್ಪ್ಯಾನರ್ ಹಿಡಿಯಬೇಡಿ. ಗೇರ್ ಇಳಿಸಿ, ಸುಮ್ನೆ ಹೋಗುತ್ತಿರಿ.

ಸವಾರನಿಗೂ ಅದೇ ಗಾಳಿ ಅಲ್ವಾ? 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಎರಡು ರಾತ್ರಿ ಇರಬೇಕು. ಹಗಲು ಮೇಲೆ ಹೋಗಿ ಕೆಳಗೆ ಬಂದು ಮಲಗಿದರೆ ತೊಂದರೆಯಿಲ್ಲ. ತಲೆನೋವು, ವಾಕರಿಕೆ ಶುರುವಾದರೆ ಅಲ್ಲೇ ನಿಲ್ಲಿ. ಕಡಿಮೆಯಾಗದಿದ್ದರೆ ಇಳಿಯಿರಿ. ಜೊತೆಗಾರ ತಪ್ಪು ತಪ್ಪು ಮಾತಾಡಿದರೆ, ಹೆಜ್ಜೆ ಮುಂದೆ ಹೆಜ್ಜೆ ಇಟ್ಟು ನೇರ ಗೆರೆಯಲ್ಲಿ ನಡೆಯಲು ಹೇಳಿ. ತೂರಾಡಿದರೆ, ಅಥವಾ ಕೂತಲ್ಲೇ ಏದುಸಿರು ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ. ಅವರನ್ನು ತಕ್ಷಣ ಕೆಳಗೆ ಕರೆದೊಯ್ಯಬೇಕು, ಅದೂ ಬೇರೆಯವರ ವಾಹನದಲ್ಲಿ.

ಇಳಿಜಾರು

ಹತ್ತುವಾಗ ಎಲ್ಲರೂ ಹುಷಾರಾಗಿರುತ್ತಾರೆ. ಇಳಿಯುವಾಗ ಪೆಟ್ರೋಲ್ ಉಳಿಯಲಿ ಅಂತ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಜಾರುವವರನ್ನು ನೋಡಿದ್ದೇನೆ. ಇದಕ್ಕಿಂತ ದುಬಾರಿ ಉಳಿತಾಯ ಇನ್ನೊಂದಿಲ್ಲ. ಹತ್ತಲು ಯಾವ ಗೇರ್ ಬೇಕಾಗುತ್ತಿತ್ತೋ, ಇಳಿಯಲೂ ಅದೇ ಗೇರ್. ಆಗ ಬೈಕನ್ನು ಎಂಜಿನ್ನೇ ಹಿಡಿದಿಟ್ಟುಕೊಳ್ಳುತ್ತದೆ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಒತ್ತಿ, ಬಿಟ್ಟುಬಿಡಿ. ಒತ್ತಿ ಹಿಡಿದುಕೊಂಡೇ ಇಳಿದರೆ ಡಿಸ್ಕ್ ಕಾದು, ಆ ಬಿಸಿ ಬ್ರೇಕ್ ಆಯಿಲ್‌ಗೆ ತಾಗುತ್ತದೆ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಆದರೆ ಅದು ಗಾಳಿಯ ತೇವ ಹೀರುತ್ತದೆ. ಹಾಗೆ ತೇವ ಕುಡಿದ ಆಯಿಲ್‌ಗೆ ನಿಯಮ ಇಟ್ಟಿರುವ ಮಿತಿ 155 ಡಿಗ್ರಿ ಮಾತ್ರ. ಕುದಿದರೆ ಪೈಪಿನೊಳಗೆ ಗುಳ್ಳೆ ಏಳುತ್ತದೆ. ಲಿವರ್ ಸ್ಪಂಜ್ ಹಿಂಡಿದ ಹಾಗೆ ಮೆತ್ತಗಾಗಿ ಹ್ಯಾಂಡಲ್‌ಗೇ ಬಂದು ತಾಗುತ್ತದೆ, ಬೈಕ್ ನಿಲ್ಲುವುದಿಲ್ಲ. ಆಯಿಲ್ ಬದಲಿಸಿ ಎರಡು ವರ್ಷ ಆಗಿದ್ದರೆ ಹೊರಡುವ ಮುಂಚೆ ಬದಲಿಸಿ. ದಾರಿಯಲ್ಲಿ ಲಿವರ್ ಮೆತ್ತಗಾದರೆ ಹೇಗಾದರೂ ಬೈಕ್ ನಿಲ್ಲಿಸಿ, ಅರ್ಧ ಗಂಟೆ ತಣಿಯಲು ಬಿಡಿ.

ಹಳ್ಳ ದಾಟುವುದು

ಹಿಮ ಕರಗಿ ಬರುವ ಹಳ್ಳಕ್ಕೂ ಒಂದು ಗಡಿಯಾರವಿದೆ. ಬಿಸಿಲು ಏರಿದಂತೆ ನೀರು ಏರುತ್ತದೆ. ಮಧ್ಯಾಹ್ನದ ಮೇಲೆ ತುಂಬಿ ಬಂದು, ರಾತ್ರಿ ಕೊರೆಯುವ ಚಳಿಗೆ ಮತ್ತೆ ಇಳಿಯುತ್ತದೆ. ಬೆಳಗ್ಗೆ ಬೇಗ ದಾಟುವುದು ಇದಕ್ಕೇ. ಮೊದಲು ನಡೆದು ನೋಡಿ. ಅಗಲವಾಗಿ ಹರಡಿ, ಮೇಲೆ ಸಣ್ಣ ಅಲೆ ಇರುವ ಕಡೆ ಆಳ ಸಾಮಾನ್ಯವಾಗಿ ಕಮ್ಮಿ. ಕಪ್ಪಗೆ, ನುಣ್ಣಗೆ ಕಾಣುವ ನೀರನ್ನು ನಂಬಬೇಡಿ. ಮೊಣಕಾಲು ಮುಟ್ಟುವಷ್ಟು ನೀರು ರಭಸವಾಗಿ ಹರಿಯುತ್ತಿದ್ದರೆ ಕಾಯುವುದೇ ಸರಿ. ಇಳಿದ ಮೇಲೆ ಮೊದಲ ಗೇರ್, ಒಂದೇ ಸಮನೆ ಆಕ್ಸಲರೇಟರ್, ಕಣ್ಣು ಆಚೆ ದಡದ ಮೇಲೆ. ಮುಂಚಕ್ರದ ಬುಡದ ಕಲ್ಲು ನೋಡುತ್ತಾ ಕೂತರೆ ಬೈಕ್ ಅದೇ ಕಲ್ಲಿಗೆ ಹೋಗುತ್ತದೆ. ತಳ್ಳಿಕೊಂಡು ದಾಟುವುದಾದರೆ ನೀರು ಬರುವ ಕಡೆಗೆ ನೀವು ನಿಲ್ಲಿ. ಬಿದ್ದರೂ ಬೈಕ್ ನಿಮ್ಮ ಮೇಲೆ ಬೀಳುವುದಿಲ್ಲ. ನೀರಲ್ಲಿ ಬಿದ್ದು ಎಂಜಿನ್ ನಿಂತರೆ ಸ್ಟಾರ್ಟರ್ ಒತ್ತಲೇಬೇಡಿ. ದಡಕ್ಕೆ ಎಳೆದು, ಏರ್ ಫಿಲ್ಟರ್ ನೋಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಒಳಗಿನ ನೀರು ಹೊರಹಾಕಿ.

ನಾನು ಕಾದಿದ್ದ ಆ ಹಳ್ಳದಲ್ಲಿ ಬೆಳಗ್ಗೆ ಆರಕ್ಕೆ ಕಣಕಾಲು ಮುಳುಗುವಷ್ಟು ನೀರಿತ್ತು. ಎರಡು ನಿಮಿಷದಲ್ಲಿ ಆಚೆ ಇದ್ದೆ. ದಾಟಿದ ಮೇಲೆ ಮೆಲ್ಲಗೆ ಓಡಿಸುತ್ತಾ ಬ್ರೇಕ್ ನಾಲ್ಕೈದು ಸಲ ಒತ್ತಿ ಒಣಗಿಸಿ, ಆಮೇಲೆ ನಿಂತು ಸಾಕ್ಸ್ ಬದಲಿಸಿ.